ಡಾಮಿನೋನ ಇಂಟರ್‌ವ್ಯೂ

ಬುಧವಾರ ಬಂದ ಈಮೇಲ್‌ನಲ್ಲಿ ಇದ್ದದ್ದು ಮೂರೇ ಸಾಲು. ಶನಿವಾರ ಸಂಜೆ ನಾಲ್ಕು ಗಂಟೆಗೆ ಸರೀಸೃಪಗಳ ರಕ್ಷಣಾ ಸಂಸ್ಥೆಯಿಂದ ಡೆಬ್ರಾ ಎಂಬವರು ಮನೆಗೆ ಬರುತ್ತಾರೆ. ಡಾಮಿನೋವನ್ನು ನೀವು ಗಾಜಿನ ಪೆಟ್ಟಿಗೆಯಿಂದ ಎತ್ತಿ ಐದು ನಿಮಿಷ ಕೈಯಲ್ಲಿ ಹಿಡಿದುಕೊಳ್ಳುವುದನ್ನು ನೋಡುತ್ತಾರೆ. ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಮೇಲೆ ಅದು ಮುಂದೆ ಎಲ್ಲಿರಬೇಕೆಂದು ತೀರ್ಮಾನಿಸಲಾಗುವುದು.

ಕಲ್ಲಿನಾಥ ಅದನ್ನು ಎರಡು ಸಲ ಓದಿದ. ಹನ್ನೆರಡು ವರ್ಷದಿಂದ ಕೆಲಸದ ವೀಸಾದ ಮೇಲೆ ಬದುಕಿದ ಮನುಷ್ಯನಿಗೆ ಇಂಥ ಸಾಲಿಗೆ ವಿವರಣೆ ಬೇಕಾಗುವುದಿಲ್ಲ. ಪಾಸಾದರೆ ಇರಬಹುದು, ಫೇಲಾದರೆ ಹೊರಡಬೇಕು.

ಡಾಮಿನೋ ಒಂದು ಕಿಂಗ್‌ಸ್ನೇಕ್. ಮೂರೂವರೆ ಅಡಿ ಉದ್ದ, ಕಪ್ಪು ಮೈಗೆ ಬಿಳಿ ಪಟ್ಟೆ. ವಿಷವಿಲ್ಲ. ಆ ಕೊರತೆಯನ್ನು ಅದು ಪರಿಶ್ರಮದಿಂದ ತುಂಬಿಕೊಂಡಿತ್ತು. ಮನೆಗೆ ಬಂದ ಮೂರು ವಾರದಲ್ಲಿ ಕಲ್ಲಿನಾಥ ಅದನ್ನು ಎತ್ತಲು ಹದಿನೇಳು ಸಲ ಕೈಹಾಕಿದ್ದ. ಹದಿನೇಳು ಸಲವೂ ಅದು ಸ್ಪ್ರಿಂಗಿನಂತೆ ಚಿಮ್ಮಿ ಕಚ್ಚಿತ್ತು. ಕಲ್ಲಿನಾಥ ಆಬರ್ನ್ ಹಿಲ್ಸ್‌ನ ಒಂದು ಕಾರು ಕಂಪನಿಯಲ್ಲಿ ಬ್ರೇಕು ಪರೀಕ್ಷಿಸುವ ಎಂಜಿನಿಯರ್. ಬ್ರೇಕು ಕಿರುಗುಟ್ಟಿದರೆ ಏನು ಮಾಡುತ್ತಿದ್ದನೋ ಹಾವು ಕಚ್ಚಿದಾಗಲೂ ಅದನ್ನೇ ಮಾಡಿದ: ಒಂದು ಎಕ್ಸೆಲ್ ಶೀಟ್ ತೆರೆದ. ಕಚ್ಚಿದ ದಿನ, ಗಂಟೆ, ಪೆಟ್ಟಿಗೆಯ ಬೆಚ್ಚನೆ ಬದಿಯ ಫ್ಯಾರನ್‌ಹೀಟ್, ತಣ್ಣನೆ ಬದಿಯ ಫ್ಯಾರನ್‌ಹೀಟ್, ತೇವಾಂಶ, ಊಟವಾಗಿ ಎಷ್ಟು ದಿನ, ದೀಪ ಉರಿಯುತ್ತಿತ್ತೇ ಇಲ್ಲವೇ, ಹೀಗೆ ಹನ್ನೊಂದು ಕಾಲಂ. ಯಾವ ಕಾಲಂ ಬದಲಾದರೂ ಕೊನೆಯಲ್ಲಿ ಬರೆಯುವ ಫಲಿತಾಂಶ ಬದಲಾಗಲಿಲ್ಲ.

ಹಾವು ಸಾಕುವ ಆಸೆ ಅವನಿಗೆ ಎಂದೂ ಇರಲಿಲ್ಲ. ಇದ್ದದ್ದು ಹದಿಮೂರು ವರ್ಷದ ಮಗಳು ಸಿಯಾ. ಜನವರಿಯಲ್ಲಿ, ಶಾಲೆಯ ವರ್ಷ ಅರ್ಧದಲ್ಲಿರುವಾಗ, ಅವನು ಕೆಲಸ ಬದಲಿಸಿ ಸಂಸಾರವನ್ನು ಬೋಲಿಂಗ್‌ಬ್ರೂಕ್ ಎಂಬ ಊರಿನಿಂದ ಮುನ್ನೂರು ಮೈಲಿ ಈಚೆಗೆ ತಂದಿದ್ದ. ಅಲ್ಲಿ ಉಳಿದ ನಾಲ್ಕು ಗೆಳತಿಯರ ಲೆಕ್ಕದಲ್ಲಿ ಸಿಯಾ ಅಪ್ಪನ ಜೊತೆ ಮಾತು ನಿಲ್ಲಿಸಿದಳು. ಸಿಟ್ಟಿನಿಂದಲ್ಲ, ಬಹಳ ಮರ್ಯಾದೆಯಿಂದ. 'ಫೈನ್', 'ಓಕೆ', 'ಇಟ್ಸ್ ಫೈನ್'. ಫೆಬ್ರವರಿಯ ಕೊನೆಯಲ್ಲಿ ಲೈಬ್ರರಿಯಲ್ಲಿ ರಕ್ಷಣಾ ಸಂಸ್ಥೆಯವರು ಪ್ರಾಣಿಗಳನ್ನು ತಂದು ತೋರಿಸಿದ ದಿನ, ಎಲ್ಲರೂ ಆಮೆಯ ಸುತ್ತ ನಿಂತಿದ್ದಾಗ, ಸಿಯಾ 'ಕಚ್ಚುತ್ತದೆ' ಎಂದು ಚೀಟಿ ಅಂಟಿಸಿದ್ದ ಒಂದು ಪೆಟ್ಟಿಗೆಯ ಮುಂದೆ ಕುಳಿತು, ಎರಡು ತಿಂಗಳಲ್ಲಿ ಮೊದಲ ಬಾರಿಗೆ ಪೂರ್ತಿ ವಾಕ್ಯವೊಂದನ್ನು ಅಪ್ಪನಿಗೆ ಹೇಳಿದಳು. ಆ ವಾಕ್ಯ ಮುಗಿಯುವ ಮೊದಲೇ ಕಲ್ಲಿನಾಥ ಫಾರ್ಮ್ ತುಂಬುತ್ತಿದ್ದ.

ಅಂದಿನಿಂದ ಊಟದ ಹೊತ್ತಿಗೆ ಮನೆಯಲ್ಲಿ ಮಾತಿತ್ತು. ಎಲ್ಲವೂ ಹಾವಿನ ಮಾತೇ, ಆದರೆ ಮಾತು. ಹದಿನೆಂಟು ತುಂಬದವರು ಹಾವನ್ನು ಮುಟ್ಟಕೂಡದು, ದೊಡ್ಡವರೊಬ್ಬರು ಅದನ್ನು ಸರಿಯಾಗಿ ಹಿಡಿಯುವುದನ್ನು ಸಂಸ್ಥೆ ನೋಡಿದ ಮೇಲೆಯೇ ಮುಟ್ಟಬಹುದು ಎಂಬುದು ಷರತ್ತು. ಹಾಗಾಗಿ ಸಿಯಾ ಎರಡಡಿ ದೂರ ಕುಳಿತು ಅಪ್ಪನಿಗೆ ಹೇಳಿಕೊಡುತ್ತಿದ್ದಳು, ಅಪ್ಪ ಕಚ್ಚಿಸಿಕೊಳ್ಳುತ್ತಿದ್ದ. ಡಾಮಿನೋ ಹೋದರೆ ಈ ಮಾತೂ ಅದರ ಜೊತೆ ಚೀಲದಲ್ಲಿ ಹೋಗುತ್ತದೆ ಎಂದು ಕಲ್ಲಿನಾಥನಿಗೆ ಗೊತ್ತಿತ್ತು.

ಹೆಂಡತಿ ಲತಾಶ್ರೀ ಹಾವಿಗೆ ಒಪ್ಪಿದ್ದಳು, ಇಲಿಗೆ ಒಪ್ಪಿರಲಿಲ್ಲ. ಮೊಟ್ಟೆ ಕೂಡ ಬಾರದ ಅಡುಗೆಮನೆ ಅವಳದು. ಕೊನೆಗೆ ಆದ ಒಪ್ಪಂದದ ಪ್ರಕಾರ ಹೆಪ್ಪುಗಟ್ಟಿದ ಇಲಿಗಳಿಗೆ ಗರಾಜಿನಲ್ಲಿ ಬೇರೆಯೇ ಪುಟ್ಟ ಫ್ರೀಜರ್. ಅವನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಲು ಬೇರೆ ಬಕೆಟ್. ಇಲಿಯನ್ನು ಮುಟ್ಟುವಾಗಲೂ ಹಾವನ್ನು ಮುಟ್ಟುವಾಗಲೂ ಹಾಕಿಕೊಳ್ಳಲು ಒಂದು ಹಳೆಯ ಕಂದು ಸ್ವೆಟರ್. ಒದ್ದೆ ಕೈಯನ್ನು ಅದಕ್ಕೇ ಒರೆಸಬೇಕು, ಅದನ್ನು ಗರಾಜಿನ ಮೊಳೆಗೇ ನೇತುಹಾಕಬೇಕು, ವಾಷಿಂಗ್ ಮಷೀನಿನ ಹತ್ತಿರ ತರಕೂಡದು. ಲತಾಶ್ರೀ ಮೈಲಿಗೆ ಎಂಬ ಪದವನ್ನು ಬಳಸಲಿಲ್ಲ, ಹೈಜೀನ್ ಎಂದಳು. ನಿಯಮಗಳು ಮಾತ್ರ ಅವಳ ಅಜ್ಜಿಯವೇ.

ಶನಿವಾರ ಬೆಳಗ್ಗೆ ಹತ್ತಕ್ಕೆ ಎದುರುಮನೆಯ ವಿಜಯ್ ಕುಮಾರ್ ಬಂದರು. ಕಂಕುಳಲ್ಲಿ ಹನ್ನೆರಡು ಅರೆಗಳ ದಪ್ಪ ಫೈಲು. ಮೈಸೂರಿನವರಾದ ಅವರು ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ಹದಿನಾರು ವರ್ಷವಾಗಿತ್ತು. ಅಷ್ಟು ವರ್ಷ ನಿಂತದ್ದರಿಂದ ಮುಂದಕ್ಕೆ ಹೋಗದಿದ್ದರೂ ಆ ಸಾಲಿನ ವಿಷಯದಲ್ಲಿ ಅವರಿಗಿಂತ ಬಲ್ಲವರಿರಲಿಲ್ಲ.

"ನೋಡಿ ಕಲ್ಲಿನಾಥ್, ಇದು ಹಾವಿನ ವಿಷ್ಯ ಅಲ್ಲ. ಇಂಟರ್‌ವ್ಯೂ ವಿಷ್ಯ," ಎಂದು ಅವರು ಸೋಫಾದ ಮೇಲೆ ಫೈಲು ಬಿಚ್ಚಿದರು. "ಹಾವು ನಂಗೆ ಗೊತ್ತಿಲ್ಲ. ಇಂಟರ್‌ವ್ಯೂ ಗೊತ್ತು. ಫಸ್ಟ್ ರೂಲ್, ಕೇಳಿದ್ದಕ್ಕಷ್ಟೇ ಉತ್ತರ. ಹಾವು ಹೇಗಿದೆ ಅಂದ್ರೆ, ಚೆನ್ನಾಗಿದೆ ಮ್ಯಾಮ್. ಮುಗೀತು. ಕಚ್ಚುತ್ತೆ ಅಂತ ನೀವಾಗೇ ಬಾಯಿ ಬಿಡ್ಬೇಡಿ."

"ಕಚ್ಚತೈತೇನು ಅಂತ ಅವ್ರೇ ಕೇಳಿದ್ರ?" ಗದಗದವನಾದ ಕಲ್ಲಿನಾಥ ಸುಳ್ಳಿಗೆ ಅಷ್ಟು ಬೇಗ ಸಿದ್ಧನಿರಲಿಲ್ಲ.

"ಐ ಡು ನಾಟ್ ರಿಕಾಲ್."

ಕಲ್ಲಿನಾಥ ತನ್ನ ಬಲಗೈಯನ್ನು ನೋಡಿಕೊಂಡ. ಅಲ್ಲಿ ಏಳು ಬ್ಯಾಂಡೇಡ್‌ಗಳಿದ್ದವು. "ಇವನ್ನ ಏನಂತ ಹೇಳ್ಲಿ?"

"ಗಾರ್ಡನಿಂಗ್ ಅನ್ನಿ."

"ಮಾರ್ಚ್ ತಿಂಗಳದಾಗ? ಹೊರಗ ಇನ್ನೂ ಹಿಮ ಬಿದ್ದೈತ್ರೀ."

"ಇಂಡೋರ್ ಗಾರ್ಡನಿಂಗ್."

ಅರ್ಧ ಗಂಟೆ ಅಣಕು ಇಂಟರ್‌ವ್ಯೂ ನಡೆಯಿತು. ವಿಜಯ್ ಕುಮಾರ್ ಡೆಬ್ರಾ ಆದರು. ನಿಜವಾದ ಡೆಬ್ರಾ ಹೇಗೇ ಇರಲಿ, ಈ ಡೆಬ್ರಾ ಮಾತ್ರ ಕನ್ನಡಕದ ಮೇಲಿಂದ ನೋಡುತ್ತಾ, ಹಾವಿನ ಪೂರ್ತಿ ಹೆಸರು, ಅದು ಈ ಮೊದಲು ವಾಸವಿದ್ದ ವಿಳಾಸಗಳು ಎಲ್ಲವನ್ನೂ ತಾರೀಕು ಸಮೇತ ಕೇಳುತ್ತಿದ್ದರು. ಕಲ್ಲಿನಾಥ ಎರಡು ಸಲ ಬೆವರು ಒರೆಸಿಕೊಂಡ. ಮೂರನೆಯ ಸಲ ಒರೆಸುವಾಗ ವಿಜಯ್ ಕುಮಾರರಿಗೆ ಹೊಸ ಆಲೋಚನೆ ಬಂತು.

"ಅದಕ್ಕೆ ಹಸಿವಾಗಿರ್ಬೇಕು ಕಣ್ರಿ. ನಮ್ ಬಾಸೂ ಹಾಗೇ, ಲಂಚ್ ಆದ್ಮೇಲೆ ಬೇರೆ ಮನುಷ್ಯ. ಒಂದು ಇಲಿ ಹಾಕ್ಬಿಡಿ."

ತರ್ಕದಲ್ಲಿ ತಪ್ಪು ಕಾಣಲಿಲ್ಲ. ಕಲ್ಲಿನಾಥ ಗರಾಜಿಗೆ ಹೋಗಿ ಸ್ವೆಟರ್ ತೊಟ್ಟು, ಫ್ರೀಜರ್ ತೆಗೆದು, ಇಲಿಯೊಂದನ್ನು ಬಿಸಿನೀರಿಗೆ ಹಾಕಿ, ನೂರು ಡಿಗ್ರಿ ಫ್ಯಾರನ್‌ಹೀಟ್‌ಗೆ ಬಂದ ಮೇಲೆ ಮುಖ ಆಚೆ ತಿರುಗಿಸಿ ಬಾಲ ಹಿಡಿದೆತ್ತಿದ. ಅದು ಜಾರಿ ಎದೆಯ ಮೇಲೆ ಬಿದ್ದು, ತೋಳಿನ ಮೇಲೆ ಉರುಳಿ, ನೆಲ ಸೇರಿತು. ಬಾಗಿಲಲ್ಲಿ ಸಿಯಾ ನಿಂತಿದ್ದಳು.

"ಅಪ್ಪಾ, ನೋ. ಇಫ್ ಹೀ ಈಟ್ಸ್ ನೌ, ಯೂ ಕಾಂಟ್ ಹೋಲ್ಡ್ ಹಿಮ್ ಫಾರ್ ಟೂ ಡೇಸ್. ಹೀ ವಿಲ್ ಥ್ರೋ ಅಪ್."

"ವಿಜಯ್ ಅಂಕಲ್ ಹೇಳಿದ್ರು—"

"ಡಸ್ ವಿಜಯ್ ಅಂಕಲ್ ಹ್ಯಾವ್ ಎ ಸ್ನೇಕ್?"

ಇಲಿ ಕಸಕ್ಕೆ ಹೋಯಿತು. ಒಳಗೆ ಬಂದಾಗ ವಿಜಯ್ ಕುಮಾರ್ ಫೈಲಿನ ಏಳನೆಯ ಅರೆಯಲ್ಲಿ ಕೈಯಾಡಿಸುತ್ತಿದ್ದರು.

"ಫೋಟೋ ಎಲ್ಲಿ? ಗಂಡ ಹೆಂಡ್ತಿ ನಿಜವಾಗ್ಲೂ ಒಟ್ಟಿಗೆ ಸಂಸಾರ ಮಾಡ್ತಿದಾರೆ ಅಂತ ತೋರ್ಸೋಕೆ ಆಲ್ಬಂ ಇಡಲ್ವಾ, ಹಾಗೆ ಇದಕ್ಕೂ ಬೇಕು. ಮೂರು ವಾರದಲ್ಲಿ ಹಾವಿನ ಜೊತೆ ಒಂದು ಫೋಟೋನೂ ತೆಗೆಸಿಲ್ವಾ?"

"ಬ್ಯಾಂಡೇಡ್ ಫೋಟೋ ಇದೆ, ಇನ್ಶೂರೆನ್ಸ್‌ಗೆ ಅಂತ ತೆಗೆದಿದ್ದು," ಎಂದಳು ಲತಾಶ್ರೀ ಅಡುಗೆಮನೆಯಿಂದ.

"ಹಾಗಾದ್ರೆ ಈಗ ತೆಗಿಯೋಣ. ಮೂರು ಫೋಟೋ, ಮೂರು ಬೇರೆ ಬೇರೆ ದಿನ ಅನ್ನೋ ಹಾಗೆ. ಶರ್ಟ್ ಬದಲಾಯಿಸ್ಕೊಂಡು ಬನ್ನಿ."

"ಶರ್ಟ್ ಬದಲಾಯಿಸೋ ಹಾಗಿಲ್ಲ," ಲತಾಶ್ರೀ ಸೌಟು ಹಿಡಿದು ಬಾಗಿಲಿಗೆ ಬಂದಳು. "ಹಾವು ಅಂದ್ರೆ ಸ್ವೆಟರ್. ನಾನು ದಿನಕ್ಕೆ ನಾಲ್ಕು ಶರ್ಟ್ ಬಿಸಿನೀರಲ್ಲಿ ನೆನೆಹಾಕಕ್ಕೆ ಆಗಲ್ಲ."

ಅಂಗಿ ಬದಲಾಗದಿದ್ದರೆ ಟೋಪಿ ಬದಲಾಗಲಿ ಎಂದು ತೀರ್ಮಾನವಾಯಿತು. ಕಲ್ಲಿನಾಥ ಮೊದಲ ದಿನದ ಲೆಕ್ಕಕ್ಕೆ ಉಣ್ಣೆಯ ಕುಲಾವಿ ಹಾಕಿಕೊಂಡು, ಮುಖದಲ್ಲಿ ಹಳೆಯ ಸ್ನೇಹದ ಭಾವ ತಂದುಕೊಂಡು, ಪೆಟ್ಟಿಗೆಯ ಮುಚ್ಚಳ ಸರಿಸಿ ಕೈ ಇಳಿಸಿದ.

ಡಾಮಿನೋ ಈ ಸಲ ಚಿಮ್ಮಲೂ ಇಲ್ಲ. ಮದುವೆಮನೆಯಲ್ಲಿ ಪಂಕ್ತಿಗೆ ಮೊದಲು ಕೂತವನ ಹಾಗೆ ನೆಟ್ಟಗೆ ಬಂದು, ಸ್ವೆಟರಿನ ತೋಳಿಗೆ ಬಾಯಿ ಹಾಕಿ, ಮೊಣಕೈವರೆಗೆ ಮೂರು ಸುತ್ತು ಸುತ್ತಿಕೊಂಡಿತು. ಆಮೇಲೆ ನಿಧಾನವಾಗಿ ತೋಳಿನ ಅಂಚನ್ನು ನುಂಗಲು ಶುರುಮಾಡಿತು.

"ಡೋಂಟ್ ಪುಲ್," ಸಿಯಾ ಎದ್ದು ನಿಂತಳು. "ಅಪ್ಪಾ ಪ್ಲೀಸ್, ಡೋಂಟ್ ಪುಲ್, ಹಿಸ್ ಟೀತ್ ವಿಲ್ ಬ್ರೇಕ್. ಅಮ್ಮಾ, ಕೋಲ್ಡ್ ವಾಟರ್."

"ಎಳ್ಯಾಂಗಿಲ್ಲವ್ವಾ, ನಾನು ಉಸಿರೂ ಬಿಡಾಂಗಿಲ್ಲ," ಎಂದ ಕಲ್ಲಿನಾಥ, ತುಟಿ ಅಲ್ಲಾಡಿಸದೆ.

"ಹಾಗೇ ಇರಿ," ವಿಜಯ್ ಕುಮಾರ್ ಫೋನು ಹಿಡಿದು ಇನ್ನೂ ತೆಗೆಯುತ್ತಲೇ ಇದ್ದರು. "ಇದು ಚೆನ್ನಾಗಿ ಬರ್ತಿದೆ. ಬಹಳ ಹತ್ತಿರದ ಸಂಬಂಧ ಅನ್ನೋ ಥರ ಕಾಣತ್ತೆ."

ಆ ಹೊತ್ತಿಗೆ ಮಗನನ್ನು ಊಟಕ್ಕೆ ಕರೆಯಲು ಕೆಂಪಮ್ಮ ಬಂದರು. ವಿಜಯ್ ಕುಮಾರರ ತಾಯಿ. ಹುಟ್ಟಿ ಬೆಳೆದದ್ದು ಮಳವಳ್ಳಿಯ ಕಡೆ. ಆರು ತಿಂಗಳಿಗೆಂದು ಬಂದಿದ್ದರು, ಮೂರನೆಯ ತಿಂಗಳಿಗೇ ಈ ದೇಶದಲ್ಲಿ ನೋಡುವಂಥದ್ದೇನೂ ಉಳಿದಿಲ್ಲವೆಂದು ಹೇಳಿದ್ದರು. ಹಾವನ್ನು ಕಂಡು ಅವರು ಚೀರುತ್ತಾರೆಂದು ಎಲ್ಲರೂ ಕಾದರು. ಕೆಂಪಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು ಬಗ್ಗಿ ನೋಡಿದರು.

"ಕಟ್ಟಾವಲ್ವಾ?"

"ಅಲ್ಲ ಅಜ್ಜಿ. ನೋ ವೆನಮ್," ಎಂದಳು ಸಿಯಾ.

"ಅದ್ಸರಿ. ಅದ್ಯಾಕೆ ತೋಳ್ ತಿಂತಾ ಕುಂತದೆ?"

ಕೆಂಪಮ್ಮ ಇನ್ನೊಂದು ಹೆಜ್ಜೆ ಹತ್ತಿರ ಬಂದು, ಕಲ್ಲಿನಾಥನ ಭುಜದ ಬಳಿ ಎರಡು ಸಲ ಮೂಸಿ, ಮೂಗಿಗೆ ಸೆರಗು ಹಿಡಿದರು.

"ಏನಪ್ಪ ಇದು, ಮೈಯೆಲ್ಲ ಇಲಿ ನಾತ ಹೊಡೀತಿದ್ದೀಯ. ಈ ಸ್ಪೆಟ್ರು ಒಗ್ದು ಎಷ್ಟು ದಿನ ಆಯ್ತು?"

ಎಲ್ಲರೂ ಲತಾಶ್ರೀಯನ್ನು ನೋಡಿದರು.

"ಹೈಜೀನ್‌ಗೆ ಅಂತ..." ಎಂದಳು ಅವಳು, ಸಣ್ಣ ದನಿಯಲ್ಲಿ.

"ಇಲಿ ನಾತ ಹೊಡ್ಕೊಂಡು ಹಾವಿನ್ ಮುಂದಕ್ಕೆ ಕೈ ನೀಡುದ್ರೆ," ಕೆಂಪಮ್ಮ ಹಾವಿನ ಪರ ವಕೀಲರಂತೆ ಕೇಳಿದರು, "ಅದೇನು ಕೈ ಕುಲುಕ್ತದಾ?"

ಕಲ್ಲಿನಾಥನ ಕಣ್ಣ ಮುಂದೆ ಹನ್ನೊಂದು ಕಾಲಂಗಳು ಒಂದೊಂದಾಗಿ ಹಾದುಹೋದವು. ಬಟ್ಟೆಗೆ ಕಾಲಂ ಇರಲಿಲ್ಲ. ಹದಿನೇಳು ಸಲವೂ ಅದೇ ಸ್ವೆಟರ್. ಎಂದೂ ಬದಲಾಗದ ಸಂಗತಿಗೆ ಯಾರೂ ಕಾಲಂ ಮಾಡುವುದಿಲ್ಲ. ಪಾಪ, ಆ ಪ್ರಾಣಿಗೆ ಸಿಟ್ಟೇ ಇರಲಿಲ್ಲ. ಪ್ರತಿ ಸಲ ಮುಚ್ಚಳ ತೆಗೆದಾಗ ಐದೂ ಮುಕ್ಕಾಲಡಿ ಎತ್ತರದ ಒಂದು ಇಲಿ ಬಗ್ಗಿ ನಿಂತು ತನ್ನನ್ನು ತಾನೇ ಬಡಿಸುತ್ತಿತ್ತು. ತಿನ್ನದೆ ಏನು ಮಾಡೀತು?

ತಣ್ಣೀರು ಹನಿಸಿದ ಮೇಲೆ ಡಾಮಿನೋ ಬೇಸರದಿಂದ ತೋಳನ್ನು ಬಿಟ್ಟುಕೊಟ್ಟಿತು. ಸಿಯಾ ಸ್ವೆಟರನ್ನು ಎರಡು ಚೀಲದಲ್ಲಿ ಕಟ್ಟಿ ಹೊರಗಿನ ಕಸದ ಡಬ್ಬಿಗೆ ಹಾಕಿ ಬಂದಳು. ಕಲ್ಲಿನಾಥ ಎರಡು ಸಲ ಸ್ನಾನ ಮಾಡಿದ. ಹೊರಗೆ ಬಂದಾಗ ಲತಾಶ್ರೀ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಿಡಿದು ನಿಂತಿದ್ದಳು. ದೀಪಾವಳಿಗೆಂದು ತೆಗೆದುಕೊಂಡದ್ದು.

"ಇದನ್ನ ಹಾಕ್ಕೊಂಡು ಹಾವು ಮುಟ್ಲೇನು?" ಎಂದು ಕೇಳಿದ ಕಲ್ಲಿನಾಥ.

"ಮಾತಾಡ್ದೆ ಹಾಕ್ಕೊಳಿ," ಎಂದಳು ಅವಳು. ಕಣ್ಣು ಅವನ ಬ್ಯಾಂಡೇಡುಗಳ ಮೇಲಿತ್ತು.

ಮೂರು ಗಂಟೆಯವರೆಗೆ ಹಾವಿಗೆ ವಿಶ್ರಾಂತಿ ಕೊಟ್ಟರು. ಆಮೇಲೆ ಸಿಯಾ ಹೇಳಿದಂತೆ ಕಲ್ಲಿನಾಥ ಮೊದಲು ಒಂದು ಕಾಗದದ ಕೊಳವೆಯಿಂದ ಡಾಮಿನೋನ ಬೆನ್ನನ್ನು ಮೆಲ್ಲಗೆ ಮುಟ್ಟಿದ. ಇದು ಊಟದ ಗಂಟೆಯಲ್ಲ ಎಂದು ಅದಕ್ಕೆ ತಿಳಿಸುವ ರೀತಿ ಅದು. ಬಳಿಕ ಕಣ್ಣು ಮುಚ್ಚಿ ಬರಿಗೈ ಇಳಿಸಿದ. ಏನೂ ಆಗಲಿಲ್ಲ. ಕಣ್ಣು ತೆರೆದಾಗ ಹಾವು ಅವನ ಅಂಗೈ ಮೇಲೆ ನಾಲಗೆ ಆಡಿಸಿ, ಸೋಪಿನ ವಾಸನೆಯಲ್ಲಿ ತನಗೆ ಬೇಕಾದ್ದೇನೂ ಇಲ್ಲವೆಂದು ತಿಳಿದುಕೊಂಡು, ಬೆರಳ ಸಂದಿಯಿಂದ ನೀರಿನಂತೆ ಹರಿದು ಮಣಿಕಟ್ಟಿಗೆ ಸುತ್ತಿತು. ಒಣಗಿದ, ತಂಪಾದ, ನಯವಾದ ಒಂದು ತೂಕ. ಕಲ್ಲಿನಾಥ ಮೂರು ವಾರದಲ್ಲಿ ಮೊದಲ ಬಾರಿಗೆ ಅದರ ಮುಖವನ್ನು ಸರಿಯಾಗಿ ನೋಡಿದ. ಸಾಧು ಮುಖ. ಪಕ್ಕದಲ್ಲಿ ಸಿಯಾ ತಡೆಯಿಲ್ಲದೆ ಮಾತಾಡುತ್ತಿದ್ದಳು: ಅದರ ಪೊರೆಯ ಬಗ್ಗೆ, ಅದಕ್ಕೆ ಹೊಸ ಕೊಂಬೆ ತರುವ ಬಗ್ಗೆ, ಶಾಲೆಯಲ್ಲಿ ಒಬ್ಬಳು ಇದನ್ನು ನೋಡಲು ಮನೆಗೆ ಬರಲೇ ಎಂದು ಕೇಳಿದ ಬಗ್ಗೆ. ಅವನು ಅರ್ಧ ಕೇಳಿಸಿಕೊಂಡ. ಪೂರ್ತಿ ಕೇಳಿಸಿಕೊಂಡರೆ ಕಣ್ಣಲ್ಲಿ ನೀರು ಬಂದು ಹಾವಿನ ಮೇಲೆ ಬೀಳುವ ಅಪಾಯವಿತ್ತು.

ನಾಲ್ಕಕ್ಕೆ ಸರಿಯಾಗಿ ಡೆಬ್ರಾ ವ್ಯಾನಿನಲ್ಲಿ ಬಂದರು. ಅರುವತ್ತರ ಆಸುಪಾಸಿನ ಹೆಂಗಸು, ಕೆಸರು ಮೆತ್ತಿದ ಬೂಟು, ಮೊಣಕೈವರೆಗೆ ಹಳೆಯ ಗಾಯದ ಗುರುತುಗಳು. ವಿಜಯ್ ಕುಮಾರ್ ಫೈಲಿನೊಂದಿಗೆ ಸೋಫಾದ ಅಂಚಿನಲ್ಲಿ ಕುಳಿತರು. ಡೆಬ್ರಾ ಇಂಗ್ಲಿಷಿನಲ್ಲಿ, ಹೇಗಿದ್ದಾನೆ ನಮ್ಮ ಹುಡುಗ, ಎಂದು ಕೇಳಿದರು.

"ಗುಡ್, ಮ್ಯಾಮ್," ಎಂದ ಕಲ್ಲಿನಾಥ. ಮುಗಿಯಿತು.

ಐದು ನಿಮಿಷಕ್ಕೆ ಬದಲು ಹದಿನೈದು ನಿಮಿಷ ಹಿಡಿದುಕೊಂಡ. ಡಾಮಿನೋ ಅವನ ಬಿಳಿ ಅಂಗಿಯ ಕಾಲರಿನ ಮೇಲೆ ಹರಿದು, ಕಿವಿಯನ್ನು ಪರೀಕ್ಷಿಸಿ, ಕೊನೆಗೆ ಎದೆಯ ಜೇಬಿನಲ್ಲಿ ತಲೆಯಿಟ್ಟು ಮಲಗಿತು. ಡೆಬ್ರಾ ಬರೆಯುವುದನ್ನು ನಿಲ್ಲಿಸಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆರು ಮನೆ ತಿರುಗಿ ಬಂದ ಹಾವು ಇದು, ಆರು ಮನೆಯವರೂ ಕೈಚೆಲ್ಲಿದ್ದರು, ಇಂಥ ಕೆಲಸವನ್ನು ಇಪ್ಪತ್ತು ವರ್ಷದಲ್ಲಿ ತಾನು ಕಂಡಿಲ್ಲ ಎಂದರು.

ವಿಜಯ್ ಕುಮಾರ್ ಕಲ್ಲಿನಾಥನತ್ತ ಹೆಬ್ಬೆರಳು ಎತ್ತಿದರು. ಸಿಯಾ ಅಪ್ಪನ ಮೊಣಕೈ ಹಿಡಿದುಕೊಂಡಳು.

"ಹಾಗಾದರೆ ಇವನನ್ನು ಇವತ್ತೇ ಕರೆದುಕೊಂಡು ಹೋಗುತ್ತೇನೆ," ಎಂದರು ಡೆಬ್ರಾ.

ಯಾರಿಗೂ ಅರ್ಥವಾಗಲಿಲ್ಲ. ಡೆಬ್ರಾ ಸಂತೋಷದಿಂದ ವಿವರಿಸಿದರು. ಕಲ್ಲಿನಾಥ ತುಂಬಿದ ಫಾರ್ಮ್ ದತ್ತು ಪಡೆಯುವವರದಲ್ಲ, ಕಚ್ಚುವ ಹಾವುಗಳನ್ನು ಪಳಗಿಸಿ ಕೊಡುವ ಸ್ವಯಂಸೇವಕರದು. ಸಾಧುವಾದ ಕಿಂಗ್‌ಸ್ನೇಕ್ ಬೇಕೆಂದು ಒಂದು ಶಾಲೆಯ ವಿಜ್ಞಾನದ ತರಗತಿಯವರು ಅಕ್ಟೋಬರಿನಿಂದ ಕಾಯುತ್ತಿದ್ದಾರೆ. ಮಕ್ಕಳು ಎಷ್ಟು ಸಂತೋಷಪಡುತ್ತಾರೋ.

"ಒಂದು ವೇಳೆ," ಕಲ್ಲಿನಾಥ ಇಂಗ್ಲಿಷಿನಲ್ಲಿ ಕೇಳಿದ, "ಇವತ್ತು ಇದು ನನ್ನನ್ನು ಕಚ್ಚಿದ್ದರೆ?"

ಡೆಬ್ರಾ ನಕ್ಕರು. ಕಚ್ಚುವ ಹಾವನ್ನು ಯಾರು ಕೇಳುತ್ತಾರೆ? ಇಲ್ಲೇ ಇರುತ್ತಿತ್ತು. ಬೇಕಾದರೆ ಹದಿನೈದು ವರ್ಷ.

ವಿಜಯ್ ಕುಮಾರ್ ನಿಧಾನವಾಗಿ ಫೈಲಿನ ದಾರ ಕಟ್ಟಿದರು. "ಇಂಟರ್‌ವ್ಯೂ ಕ್ಲಿಯರ್ ಆಗಿ ಡಿಪೋರ್ಟ್ ಆಗೋದನ್ನ," ಎಂದರು ತಮ್ಮಷ್ಟಕ್ಕೆ, "ಇದೇ ಫಸ್ಟ್ ಟೈಮ್ ನೋಡ್ತಿರೋದು."

ಚೀಲಕ್ಕೆ ಹಾಕುವ ಕೆಲಸ ಸಿಯಾ ತಾನೇ ಮಾಡುತ್ತೇನೆಂದಳು. ಡೆಬ್ರಾ ಒಪ್ಪಿದರು. ಅವಳು ಡಾಮಿನೋವನ್ನು ಮುಟ್ಟಿದ್ದು ಅದೇ ಮೊದಲು. ಎರಡೂ ಕೈಯಲ್ಲಿ ಅದನ್ನು ಎತ್ತಿ ಸ್ವಲ್ಪ ಹೊತ್ತು ಮುಖದ ಹತ್ತಿರ ಹಿಡಿದುಕೊಂಡು, ಬಟ್ಟೆಯ ಚೀಲಕ್ಕಿಳಿಸಿ, ಗಂಟು ಹಾಕಿ ಕೊಟ್ಟಳು. ಅಪ್ಪ ಅವಳ ಹೆಸರು ಕರೆದ. "ಇಟ್ಸ್ ಫೈನ್," ಎಂದಳು.

ಡೆಬ್ರಾ ವ್ಯಾನಿಗೆ ಹೋಗಿ ಚೀಲವಿಟ್ಟು ತಿರುಗಿ ಬಂದಾಗ ಅವರ ಕೈಯಲ್ಲಿ ಇನ್ನೊಂದು ಪೆಟ್ಟಿಗೆಯಿತ್ತು. ಬಾಗಿಲು ದಾಟುವ ಮೊದಲೇ ಅದರೊಳಗಿಂದ ಕುಕ್ಕರ್ ಕೂಗುವ ಮೊದಲಿನಂಥ ಸದ್ದು ಬಂತು. ತೋಳುದ್ದದ ಹೆಬ್ಬಾವಿನ ಮರಿ. ಹೆಣ್ಣು. ಒಂದೇ ತಿಂಗಳಲ್ಲಿ ನಾಲ್ಕು ಜನ ಅವಳನ್ನು ಹಿಂದಕ್ಕೆ ಕೊಟ್ಟಿದ್ದಾರೆ, ಒಬ್ಬರಿಗೆ ಹೊಲಿಗೆ ಹಾಕಬೇಕಾಯಿತು. ನಿಮ್ಮಂಥವರಿದ್ದೂ ಇವಳನ್ನು ಬೇರೆಯವರಿಗೆ ಕೊಟ್ಟರೆ ತಪ್ಪಾಗುತ್ತದೆ. ಮೂರು ವಾರ ಬಿಟ್ಟು ಬರುತ್ತೇನೆ, ಎಂದರು ಡೆಬ್ರಾ.

ಲತಾಶ್ರೀ ಬಾಯಿ ತೆರೆದಳು. ಸಿಯಾಳ ಮುಖ ನೋಡಿ ಮುಚ್ಚಿದಳು.

ಸಿಯಾ ಡೆಬ್ರಾ ಅವರನ್ನು ಕೇಳಿದಳು, "ಸೋ ಇಫ್ ಶೀ ಬೈಟ್ಸ್, ಶೀ ಸ್ಟೇಸ್?"

ಹಾಗೇ ಅಂದುಕೋ, ಎಂದರು ಡೆಬ್ರಾ, ತಮಾಷೆಯೆಂದು ತಿಳಿದು. ಕಲ್ಲಿನಾಥ ಸಹಿ ಹಾಕಿದ. ವ್ಯಾನು ಹೊರಟಿತು.

ಹೆಬ್ಬಾವಿನ ಮರಿಯನ್ನು ಗಾಜಿನ ಪೆಟ್ಟಿಗೆಗೆ ದಾಟಿಸಿದ್ದಾಗಿತ್ತು. ಅದು ಮೂಲೆಯಲ್ಲಿ ಸುತ್ತಿಕೊಂಡು, ಕತ್ತನ್ನು ಹಿಂದಕ್ಕೆ ಎಳೆದುಕೊಂಡು ನೋಡುತ್ತಿತ್ತು. ವಿಜಯ್ ಕುಮಾರ್ ಯಾರಿಗೂ ಕಾಣದಂತೆ ಎರಡು ಹೆಜ್ಜೆ ಹಿಂದೆ ಸರಿದರು. ಸಿಯಾ ಉಗುರು ಕಚ್ಚುತ್ತಾ ಅಪ್ಪನನ್ನೇ ನೋಡುತ್ತಿದ್ದಳು. ಕಲ್ಲಿನಾಥ ಬಿಳಿ ಅಂಗಿಯ ತೋಳನ್ನು ಮಡಚಿ, ಇನ್ನೂ ಗಾಯವಿಲ್ಲದ ಎಡಗೈಯನ್ನು ಆರಿಸಿಕೊಂಡು, ಮುಚ್ಚಳ ಸರಿಸಿ ಒಳಗಿಳಿಸಿದ.

ಒಂದು ಕ್ಷಣ ಏನೂ ಆಗಲಿಲ್ಲ. ಎಲ್ಲಿ ಇದೂ ಸಾಧುವೇ ಆಗಿಬಿಟ್ಟರೆ?

ಆಮೇಲೆ ಆಯಿತು.

"ಅಪ್ಪಾ, ಕಚ್ಚಿತಾ?" ಸಿಯಾ ಓಡಿಬಂದಳು. ಅವಳ ದನಿಯಲ್ಲಿ ಗಾಬರಿಗಿಂತ ಆಸೆಯೇ ಹೆಚ್ಚಿತ್ತು.

ಕಲ್ಲಿನಾಥ ಹಲ್ಲು ಕಚ್ಚಿಕೊಂಡು, ಹೆಬ್ಬೆರಳಿಗೆ ಜೋತುಬಿದ್ದಿದ್ದ ಹಾವನ್ನು ಮಗಳಿಗೆ ಕಾಣುವಂತೆ ಬೆಳಕಿಗೆ ಎತ್ತಿ ಹಿಡಿದ.

"ಕಚ್ಚೈತವ್ವಾ," ಎಂದ. "ಭಾಳ ಛಲೋ ಕಚ್ಚೈತಿ."